‘ಜ ವೇ’ ಎಲ್ಲಿ ಕೆಡುತ್ತದೆ? ಫ್ರೆಂಚ್‌ನ ಹತ್ತಿರದ ಭವಿಷ್ಯತ್ಕಾಲಕ್ಕೊಂದು ದೋಷ ನಿವಾರಣೆ ಕೈಪಿಡಿ

ಶಿವಮೊಗ್ಗದಲ್ಲಿ ಸಂಜೆ ಹೊತ್ತು ನನ್ನ ಹತ್ತಿರ ಫ್ರೆಂಚ್ ಕಲಿಯೋಕೆ ಬರುವವರಲ್ಲಿ ಎರಡು ಥರದವರಿದ್ದಾರೆ. ಫ್ರೆಂಚ್ ಎಷ್ಟು ಬರುತ್ತದೆ ಅಂತ ಅಳೆಯುವ ಡೆಲ್ಫ್ ಪರೀಕ್ಷೆಗೆ ಓದುತ್ತಿರುವ ಕಾಲೇಜಿನ ಮಕ್ಕಳು ಒಂದು ಕಡೆ. ಸಾಗರ, ತೀರ್ಥಹಳ್ಳಿ, ಆಗುಂಬೆ ಕಡೆ ಹೋಮ್‌ಸ್ಟೇ ನಡೆಸುವವರು ಇನ್ನೊಂದು ಕಡೆ. ಓದುವ ಕಾರಣ ಬೇರೆ ಬೇರೆ, ಎಡವುವ ಜಾಗ ಮಾತ್ರ ಒಂದೇ. ಅದು ಫ್ಯುತ್ಯುರ್ ಪ್ರೋಶ್, ಅಂದರೆ ಹತ್ತಿರದ ಭವಿಷ್ಯತ್ಕಾಲ.

ಫ್ರೆಂಚ್ ಕಲಿಯುವವರಿಗೆ ಮೊದಲು ಸಿಗುವ ಭವಿಷ್ಯತ್ಕಾಲ ಇದೇ. ಆರು ರೂಪ ಬಾಯಿಪಾಠ ಆದರೆ ಯಾವ ಕ್ರಿಯಾಪದ ಬೇಕಾದರೂ ನಾಳೆಗೆ ದಾಟಿಸಬಹುದು. ಸುಲಭ ಅನ್ನುವ ಕಾರಣಕ್ಕೇ ಪಾಠವೂ ಬೇಗ ಮುಗಿದುಬಿಡುತ್ತದೆ. ತಪ್ಪು ಮಾಡಿದವರಿಗೆ ಕೆಂಪು ಗೆರೆ ಸಿಗುತ್ತದೆ, ಯಾಕೆ ತಪ್ಪಾಯಿತು ಅನ್ನೋದು ಸಿಗುವುದಿಲ್ಲ. ಕಾರಣ ತಿಳಿಯದಿದ್ದರೆ ಅದೇ ತಪ್ಪು ಮುಂದಿನ ವಾರ ಮತ್ತೆ ಬರುತ್ತದೆ. ಅದಕ್ಕೇ ಇಲ್ಲಿ ಲಕ್ಷಣದಿಂದ ಶುರು ಮಾಡಿದ್ದೇನೆ. ನಿಮ್ಮ ವಾಕ್ಯ ಯಾವ ರೀತಿ ಕೆಟ್ಟಿದೆ ನೋಡಿ, ಆ ಭಾಗಕ್ಕೆ ಹೋಗಿ, ಅಲ್ಲಿ ಹೇಳಿದ ಪರೀಕ್ಷೆ ಮಾಡಿ.

ಫ್ರೆಂಚ್ ಮಾತುಗಳನ್ನು ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಕೊನೆಯಲ್ಲಿ ಸೊನ್ನೆ ಬಂದರೆ ಮೂಗಿನಲ್ಲಿ ಹೇಳಬೇಕು, ‘ಮ್’ ಅಂತ ತುಟಿ ಮುಚ್ಚಬಾರದು. ಚುಕ್ಕಿ ಇರುವ ‘ಜ಼’ ಅಂದರೆ ‘ಜ಼ೂ’ ಪದದಲ್ಲಿ ಬರುವ ಸದ್ದು.

ಮೊದಲು, ಸರಿಯಾದ ವಾಕ್ಯ ಹೇಗಿರುತ್ತದೆ

ಕೆಟ್ಟಿದ್ದು ಯಾವುದು ಅಂತ ಗೊತ್ತಾಗಬೇಕಾದರೆ ಸರಿಯಾದದ್ದು ಕಣ್ಣಮುಂದೆ ಇರಬೇಕು. ‘ಆಲೇ’ ಅಂದರೆ ಹೋಗು. ಅದರ ವರ್ತಮಾನಕಾಲದ ರೂಪ ಮುಂದೆ, ಬೇಕಾದ ಕ್ರಿಯಾಪದದ ಮೂಲ ರೂಪ ಹಿಂದೆ. ಅಷ್ಟೇ.

ಜ ವೇ ಪಾರ್ತೀರ್: ನಾನು ಹೊರಡುತ್ತೇನೆ.
ತ್ಯು ವಾ ಪಾರ್ತೀರ್: ನೀನು ಹೊರಡುತ್ತೀಯ.
ಇಲ್ ವಾ, ಎಲ್ ವಾ ಪಾರ್ತೀರ್: ಅವನು, ಅವಳು.
ನೂ ಜ಼ಾಲೋಂ ಪಾರ್ತೀರ್: ನಾವು.
ವೂ ಜ಼ಾಲೇ ಪಾರ್ತೀರ್: ನೀವು.
ಇಲ್ ವೋಂ, ಎಲ್ ವೋಂ ಪಾರ್ತೀರ್: ಅವರು.

ಇದರ ಜೊತೆಗೆ ‘ಓಂ ವಾ’ ಅಂತ ಇನ್ನೊಂದಿದೆ. ಮಾತಿನಲ್ಲಿ ಫ್ರೆಂಚರು ‘ನಾವು’ ಅನ್ನೋಕೆ ‘ನೂ’ಗಿಂತ ‘ಓಂ’ ಜಾಸ್ತಿ ಬಳಸುತ್ತಾರೆ. ಹೋಮ್‌ಸ್ಟೇಯವರು ಇದನ್ನು ಮೊದಲೇ ಕಿವಿಗೆ ಹಾಕಿಕೊಳ್ಳಬೇಕು. ಅತಿಥಿಗಳು ‘ಓಂ ವಾ ಪಾರ್ತೀರ್ ಆ ಸೀಜ಼ೆರ್’ ಅಂದರೆ ಹೊರಡುವವರು ಅವರೇ, ಆರು ಗಂಟೆಗೆ. ತಿಂಡಿ ಅಷ್ಟರೊಳಗೆ ಆಗಬೇಕು.

‘ಪಾರ್ತೀರ್’ ಎಲ್ಲ ಸಾಲಲ್ಲೂ ಹಾಗೇ ಇದೆ, ಗಮನಿಸಿ. ಯಾರು ಅನ್ನುವುದರ ಲೆಕ್ಕವನ್ನು ಆಲೇ ಒಂದೇ ಹೊತ್ತುಕೊಂಡಿದೆ. ಮುಂದೆ ಬರುವ ಅರ್ಧ ದೋಷಗಳ ಬೇರು ಇಲ್ಲೇ ಇದೆ.

ಲಕ್ಷಣ: ವಾಕ್ಯದಲ್ಲಿ ‘ಸ್ವಿ’ ನುಸುಳಿದೆ, ಇಲ್ಲವೇ ನಡುವೆ ‘ಆ’ ಬಂದಿದೆ

‘ಜ ಸ್ವಿ ವೇ ಮಾಂಜೇ’, ‘ಜ ಸ್ವಿ ಆಲೇ ಮಾಂಜೇ’, ‘ಜ ವೇ ಆ ಮಾಂಜೇ’. ನಾನು ತಿದ್ದುವ ನೋಟ್‌ಬುಕ್‌ಗಳಲ್ಲಿ ಬೇರೆಲ್ಲ ತಪ್ಪಿಗಿಂತ ಇದು ಜಾಸ್ತಿ. ನಾವು ಫ್ರೆಂಚ್ ಕಲಿಯೋದು ಇಂಗ್ಲಿಷ್ ಮೂಲಕ, ಅದೇ ಕಾರಣ. ತಲೆಯಲ್ಲಿ ‘ಐ ಆಮ್ ಗೋಯಿಂಗ್ ಟು ಈಟ್’ ಇರುತ್ತದೆ. ‘ಆಮ್’ಗೆ ‘ಸ್ವಿ’ ಇಟ್ಟಿರಿ, ‘ಟು’ಗೆ ‘ಆ’ ಇಟ್ಟಿರಿ, ವಾಕ್ಯ ಕೆಟ್ಟಿತು. ಸರಿಯಾದದ್ದು ‘ಜ ವೇ ಮಾಂಜೇ’.

ಇದರಲ್ಲಿ ಎರಡನೆಯ ರೂಪ ಅಪಾಯದ್ದು. ‘ಜ ಸ್ವಿ ಆಲೇ’ ಅಂತ ಬಾಯಲ್ಲಿ ಹೇಳಿದರೆ ಫ್ರೆಂಚರ ಕಿವಿಗೆ ಅದು ಭೂತಕಾಲ: ‘ಹೋಗಿದ್ದೆ’. ನೀವು ನಾಳೆಯ ಮಾತಾಡುತ್ತಿದ್ದೀರಿ, ಅವರು ನಿನ್ನೆಯದು ಕೇಳಿಸಿಕೊಳ್ಳುತ್ತಿದ್ದಾರೆ. ಬೇರೆ ತಪ್ಪುಗಳನ್ನು ಕೇಳುವವರು ಊಹೆಯ ಮೇಲೆ ಸರಿಮಾಡಿಕೊಳ್ಳುತ್ತಾರೆ. ಇದನ್ನು ಮಾಡಿಕೊಳ್ಳುವುದಿಲ್ಲ, ಯಾಕೆಂದರೆ ಅವರಿಗೆ ಅದು ಪೂರ್ತಿ ಸರಿಯಾದ ಬೇರೆಯೇ ವಾಕ್ಯ.

ಪರೀಕ್ಷೆ: ವಾಕ್ಯದ ಕರ್ತೃ ಆದ ಮೇಲೆ ಬರುವ ಪದಗಳನ್ನು ಬೆರಳಿಟ್ಟು ನೋಡಿ. ಮೊದಲ ಬೆರಳು ಆಲೇಯ ಆರು ರೂಪಗಳಲ್ಲೊಂದರ ಮೇಲಿರಬೇಕು, ಎರಡನೆಯದು ಮೂಲ ರೂಪದ ಮೇಲೆ. ನಡುವೆ ‘ಇಲ್ಲ’ ಅನ್ನುವ ‘ಪಾ’ ಬರಬಹುದು, ಚಿಕ್ಕ ಸರ್ವನಾಮ ಬರಬಹುದು, ‘ಬ್ಯಾಂತೋ’ ಥರದ ಕಾಲ ಹೇಳುವ ಪದವೂ ಬರಬಹುದು. ‘ಆ’ ಅಂತೂ ಬರುವ ಹಾಗಿಲ್ಲ.

‘ಜ ವೇ ಆ ಸಾಗರ’ ಸರಿ ಇದೆಯಲ್ಲ ಅಂತ ಕೇಳಬಹುದು. ಸರಿ ಇದೆ. ಅಲ್ಲಿ ಹಿಂದೆ ಇರುವುದು ಊರು, ಕ್ರಿಯಾಪದ ಅಲ್ಲ. ‘ಸಾಗರಕ್ಕೆ’ ಅನ್ನುವಲ್ಲಿ ನಮ್ಮ ‘ಕ್ಕೆ’ ಮಾಡುವ ಕೆಲಸವನ್ನು ಅಲ್ಲಿ ‘ಆ’ ಮಾಡುತ್ತಿದೆ.

ಲಕ್ಷಣ: ಎರಡನೆಯ ಕ್ರಿಯಾಪದವೂ ರೂಪ ಬದಲಿಸಿದೆ

‘ನೂ ಜ಼ಾಲೋಂ ಮಾಂಜೋಂ’, ‘ಜ ವೇ ಸ್ವಿ ಆಂ ರತಾರ್’. ಇಲ್ಲಿ ಎರಡು ಬೇರೆ ಬೇರೆ ಕಾಯಿಲೆ ಒಂದೇ ಲಕ್ಷಣ ತೋರಿಸುತ್ತವೆ.

ಮೊದಲನೆಯದು ಅಭ್ಯಾಸದ್ದು. ‘ನೂ’ ಕಂಡ ಕೂಡಲೇ ಸಿಕ್ಕ ಕ್ರಿಯಾಪದಕ್ಕೆಲ್ಲ ‘ಓಂ’ ಅಂಟಿಸುವುದು. ಒಂದು ಸಲ ತೋರಿಸಿದರೆ ಇದು ಹೋಗುತ್ತದೆ.

ಎರಡನೆಯದು ಗಟ್ಟಿ. ಕಲಿಯುವವರಿಗೆ ‘ಜ ಸ್ವಿ’ ಗೊತ್ತು, ‘ಜೇ’ ಗೊತ್ತು, ‘ಜ ಫೇ’ ಗೊತ್ತು. ಅವುಗಳ ಮೂಲ ರೂಪ ನಾಲಿಗೆಗೆ ಬರುವುದಿಲ್ಲ. ದಿನಾ ಬಳಸುವ ಕ್ರಿಯಾಪದಗಳಲ್ಲೇ ಈ ತೊಂದರೆ, ಯಾಕೆಂದರೆ ಅವುಗಳ ರೂಪಕ್ಕೂ ಮೂಲಕ್ಕೂ ಹೋಲಿಕೆಯೇ ಇಲ್ಲ. ಆಗ ಗೊತ್ತಿರುವ ರೂಪವನ್ನೇ ತುರುಕುತ್ತಾರೆ. ಮದ್ದು ಒಂದೇ, ಮೂಲ ರೂಪಗಳನ್ನು ಪ್ರತ್ಯೇಕವಾಗಿ ಕಲಿಯುವುದು: ಸ್ವಿಗೆ ‘ಎತ್ರ್’ (ಇರು), ಜೇಗೆ ‘ಆವ್ವಾರ್’ (ಹೊಂದಿರು), ಫೇಗೆ ‘ಫೇರ್’ (ಮಾಡು), ವ್ಯಾಂಗೆ ‘ವನೀರ್’ (ಬಾ), ಪ್ರಾಂಗೆ ‘ಪ್ರಾಂದ್ರ್’ (ತಗೋ). ಈ ಐದು ಸರಿಹೋದರೆ ದಿನಬಳಕೆಯ ಮಾತು ತಡವರಿಸದೆ ಬರುತ್ತದೆ. ‘ಜ ವೇ ಎತ್ರ್ ಆಂ ರತಾರ್’, ನನಗೆ ತಡವಾಗುತ್ತದೆ. ‘ಕೆಸ್ಕ ವೂ ಜ಼ಾಲೇ ಪ್ರಾಂದ್ರ್?’, ಏನು ತಗೊಳ್ತೀರಿ? ಊಟದ ಮನೆಯಲ್ಲಿ ಈ ಪ್ರಶ್ನೆ ಕೇಳೋಕೆ ಬಂದರೆ ಅತಿಥಿಗಳ ಮುಖ ಅರಳುವುದನ್ನು ಹೋಮ್‌ಸ್ಟೇಯವರೇ ನೋಡಿದ್ದಾರೆ.

ಬರವಣಿಗೆಯಲ್ಲಿ ಮಾತ್ರ ಕಾಣುವ ಇನ್ನೊಂದು ದೋಷ ಇದೇ ಗುಂಪಿನದು. ‘ಮಾಂಜೇ’ ಅನ್ನುವ ಸದ್ದಿಗೆ ಮೂರು ಕಾಗುಣಿತ ಇವೆ. ಕೊನೆಯಲ್ಲಿ ‘ಇ, ಆರ್’ ಬಂದರೆ ಮೂಲ ರೂಪ. ‘ಇ’ ಮೇಲೆ ಗೀಟು ಬಂದರೆ ‘ತಿಂದ’ ಅನ್ನುವ ಕೃದಂತ. ‘ಇ, ಜ಼ೆಡ್’ ಬಂದರೆ ‘ನೀವು ತಿನ್ನುತ್ತೀರಿ’. ಕಿವಿಗೆ ಮೂರೂ ಒಂದೇ. ಹಾಗಾಗಿ ಹೇಳುವಾಗ ಸರಿ ಇದ್ದವರು ಬರೆಯುವಾಗ ಗೀಟು ಹಾಕಿ ಕೆಡಿಸುತ್ತಾರೆ. ಫ್ರಾನ್ಸ್‌ನ ಶಾಲೆ ಮಕ್ಕಳೂ ಇದರಲ್ಲಿ ತಪ್ಪುತ್ತಾರೆ. ಅವರಿಗೆ ಹೇಳಿಕೊಡುವ ಉಪಾಯ ನಮಗೂ ಒಳ್ಳೆಯದು: ಸಂಶಯ ಬಂದ ಜಾಗದಲ್ಲಿ ‘ಮೋರ್ದ್ರ್’ ಇಟ್ಟು ನೋಡಿ. ಅಂದರೆ ಕಚ್ಚು. ಅದರ ಮೂಲ ರೂಪ ‘ಮೋರ್ದ್ರ್’, ಕೃದಂತ ‘ಮೋರ್ದ್ಯು’, ಎರಡಕ್ಕೂ ಸದ್ದು ಬೇರೆ. ‘ಜ ವೇ ಮೋರ್ದ್ರ್’ ಕಿವಿಗೆ ಸರಿಯಾಗಿ ಕೇಳುತ್ತದೆ, ‘ಜ ವೇ ಮೋರ್ದ್ಯು’ ಕೇಳುವುದಿಲ್ಲ. ಅಂದಮೇಲೆ ‘ಇ, ಆರ್’ ಬರೆಯಿರಿ.

ಲಕ್ಷಣ: ‘ಇಲ್ಲ’ ಅನ್ನುವಾಗ ಪದಗಳು ಜಾಗ ತಪ್ಪುತ್ತವೆ

‘ಜ ನ ವೇ ಮಾಂಜೇ ಪಾ’ ಅಂತ ಬರೆಯುತ್ತಾರೆ. ಕನ್ನಡದಲ್ಲಿ ‘ಇಲ್ಲ’ ಕೊನೆಯಲ್ಲಿ ಬರುವುದು ನಮ್ಮ ರಕ್ತದಲ್ಲೇ ಇದೆ: ತಿನ್ನೋದಿಲ್ಲ, ಬರೋದಿಲ್ಲ. ಅದಕ್ಕೇ ‘ಪಾ’ ತಾನಾಗಿ ವಾಕ್ಯದ ಬಾಲಕ್ಕೆ ಜಾರುತ್ತದೆ. ಫ್ರೆಂಚ್‌ನಲ್ಲಿ ‘ನ’ ಮತ್ತು ‘ಪಾ’ ತಬ್ಬಿಕೊಳ್ಳುವುದು ರೂಪ ಬದಲಿಸಿದ ಕ್ರಿಯಾಪದವನ್ನು. ಇಲ್ಲಿ ರೂಪ ಬದಲಿಸಿದ್ದು ಆಲೇ ಮಾತ್ರ. ಆದ್ದರಿಂದ ‘ಜ ನ ವೇ ಪಾ ಮಾಂಜೇ’. ಮಾತಿನಲ್ಲಿ ‘ನ’ ಬಿದ್ದುಹೋಗಿ ‘ಜ ವೇ ಪಾ ಮಾಂಜೇ’ ಆಗುವುದನ್ನು ಕೇಳುತ್ತೀರಿ. ಪರೀಕ್ಷೆಯಲ್ಲಿ ‘ನ’ ಬಿಡಬೇಡಿ.

ಲಕ್ಷಣ: ಸರ್ವನಾಮ ಎಲ್ಲಿ ಇಡಬೇಕೋ ಗೊತ್ತಾಗುತ್ತಿಲ್ಲ

ಒಬ್ಬ ಹುಡುಗಿ ಬೋರ್ಡ್ ಮುಂದೆ ನಿಂತು ಕೇಳಿದಳು: “ಮೇಡಂ, ‘ಅದನ್ನು ಮಾಡ್ತೀನಿ’ ಅನ್ನೋಕೆ ‘ಜ ಲ ವೇ ಫೇರ್’ ಅಂದ್ರೆ ಆಗಲ್ವಾ? ವರ್ತಮಾನದಲ್ಲಿ ‘ಜ ಲ ಫೇ’ ಅಂತೀವಲ್ಲ, ‘ಲ’ ಮುಂದೇ ಇರುತ್ತೆ.”

“ಯಾವುದನ್ನ ಮಾಡೋದಮ್ಮ? ಆ ‘ಅದು’ ಯಾವ ಕ್ರಿಯಾಪದಕ್ಕೆ ಸೇರಿದ್ದು, ಹೋಗೋದಕ್ಕಾ, ಮಾಡೋದಕ್ಕಾ?”

“ಮಾಡೋದಕ್ಕೆ.”

“ಹಾಗಾದ್ರೆ ಅದರ ಪಕ್ಕದಲ್ಲೇ ಕೂರ್ಸು.”

ಅವಳು ‘ಲ’ ಒರೆಸಿ ‘ಜ ವೇ ಲ ಫೇರ್’ ಅಂತ ಬರೆದಳು. ನಿಯಮ ಇಷ್ಟೇ. ಸರ್ವನಾಮ ಯಾವ ಕ್ರಿಯಾಪದದ ಕರ್ಮವೋ ಅದರ ಮುಂದೆ ಕೂರುತ್ತದೆ. ಫೋನ್ ಮಾಡುವುದು ಅವನಿಗೆ, ಆದ್ದರಿಂದ ‘ಜ ವೇ ಲ್ವಿ ತೇಲೇಫೋನೇ’. ಹುಡುಗಿ ಕೇಳಿದ್ದು ಪೂರ್ತಿ ಆಧಾರವಿಲ್ಲದ ಪ್ರಶ್ನೆಯೂ ಅಲ್ಲ. 17ನೇ ಶತಮಾನದ ಫ್ರೆಂಚ್‌ನಲ್ಲಿ ಸರ್ವನಾಮವನ್ನು ಆಲೇಯ ಮುಂದೆ ಇಡುವುದು ರೂಢಿಯಲ್ಲಿತ್ತು. ಹಳೆಯ ನಾಟಕ ಓದಿದರೆ ಈಗಲೂ ಕಣ್ಣಿಗೆ ಬೀಳುತ್ತದೆ. ಇವತ್ತಿನ ಭಾಷೆಯಲ್ಲಿ ಹಾಗೆ ಹೇಳುವುದಿಲ್ಲ.

‘ಏಳುವುದು’, ‘ಸ್ನಾನ ಮಾಡುವುದು’ ಥರ ತನಗೆ ತಾನೇ ಮಾಡಿಕೊಳ್ಳುವ ಕ್ರಿಯಾಪದಗಳಲ್ಲಿ ದೋಷ ಸ್ವಲ್ಪ ಬೇರೆ. ನಿಘಂಟಿನಲ್ಲಿ ‘ಸ ಲವೇ’ ಅಂತ ಇರುತ್ತದೆ, ಮೂಲ ರೂಪ ಬದಲಾಗಬಾರದು ಅಂತ ಪಾಠ ಆಗಿರುತ್ತದೆ. ಎರಡನ್ನೂ ನಂಬಿ ‘ಜ ವೇ ಸ ಲವೇ’ ಬರೆಯುತ್ತಾರೆ. ಬದಲಾಗಬಾರದ್ದು ಕ್ರಿಯಾಪದ ಮಾತ್ರ, ‘ಸ’ ಬದಲಾಗಲೇಬೇಕು: ಜ ವೇ ಮ ಲವೇ, ತ್ಯು ವಾ ತ ಲವೇ, ನೂ ಜ಼ಾಲೋಂ ನೂ ಲವೇ. ‘ಅವನು’, ‘ಅವಳು’, ‘ಅವರು’, ‘ಓಂ’ ಬಂದಾಗ ಮಾತ್ರ ‘ಸ’ ಉಳಿಯುತ್ತದೆ. ಸಕ್ರೆಬೈಲಿನ ಆನೆಗಳು ತುಂಗೆಯಲ್ಲಿ ಸ್ನಾನ ಮಾಡುತ್ತವೆ ಅನ್ನೋಕೆ ‘ಲೇ ಜ಼ೇಲೇಫಾಂ ವೋಂ ಸ ಬೇಞೇ’.

ಈ ಆನೆ ವಾಕ್ಯದಲ್ಲಿ ಇನ್ನೊಂದು ವಿಷಯ ಅಡಗಿದೆ. ಆನೆಗಳು ನಿಜವಾಗಿ ನೀರಿನ ಕಡೆ ನಡೆದು ಹೋಗುತ್ತಿವೆಯಾ, ಅಥವಾ ಇನ್ನೇನು ಸ್ನಾನ ಶುರುವಾಗುತ್ತದೆ ಅಂತ ಅರ್ಥವಾ? ಎರಡೂ ಆಗಬಹುದು. ‘ಜ ವೇ ಶೆರ್ಶೇ ದ್ಯು ಲೇ’ ಅಂದರೆ ಹಾಲು ತರೋಕೆ ನಿಜವಾಗಿಯೇ ಎದ್ದು ಹೋಗುತ್ತಿದ್ದೇನೆ. ಇದು ದೋಷ ಅಲ್ಲ, ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕು, ಅಷ್ಟೇ.

ಲಕ್ಷಣ: ‘ಜ ವೇ’ ಅಂತ ಹೇಳಿ ನಿಲ್ಲಿಸಿದರೆ ಎದುರಿನವರು ಕಾಯುತ್ತಾರೆ

ಹೊರಡುವಾಗ ‘ಹೋಗ್ತೀನಿ’ ಅನ್ನುವ ಅರ್ಥದಲ್ಲಿ ‘ಜ ವೇ’ ಅಂದುಬಿಡುತ್ತೇವೆ. ಎದುರಿನವರು ಮುಂದಿನ ಪದಕ್ಕೆ ಕಾಯುತ್ತಾ ನಿಲ್ಲುತ್ತಾರೆ. ಫ್ರೆಂಚ್‌ನಲ್ಲಿ ಆಲೇ ಒಂಟಿಯಾಗಿ ನಿಲ್ಲುವುದಿಲ್ಲ. ಎಲ್ಲಿಗೆ ಅಥವಾ ಏನು ಮಾಡೋಕೆ ಅನ್ನುವುದು ಹಿಂದೆ ಇರಲೇಬೇಕು. ಏನೂ ಇಲ್ಲದಿದ್ದರೆ ‘ಅಲ್ಲಿಗೆ’ ಅನ್ನುವ ‘ಇ’ಯನ್ನಾದರೂ ಇಡಬೇಕು: ‘ಜಿ ವೇ’. ಇನ್ನೂ ಮೆತ್ತಗೆ, ಎದ್ದು ಹೊರಡುವ ಮೊದಲು ಹೇಳುವುದಾದರೆ ‘ಬೋಂ, ಜ ವೇ ಇ ಆಲೇ’. ನಮ್ಮ ‘ಸರಿ, ಹೋಗಿ ಬರ್ತೀನಿ’ ಬರುವ ಜಾಗದಲ್ಲಿ ಇದು ಚೆನ್ನಾಗಿ ಕೂರುತ್ತದೆ. ಆಲೇ ಎರಡು ಸಲ ಬಂತಲ್ಲ ಅಂತ ಹೆದರಬೇಡಿ. ಮೊದಲನೆಯದು ಕಾಲ ಹೇಳುತ್ತದೆ, ಎರಡನೆಯದು ಹೋಗುವುದನ್ನು.

ಲಕ್ಷಣ: ವ್ಯಾಕರಣ ಸರಿ ಇದೆ, ಆದರೂ ಫ್ರೆಂಚರು ಹಾಗೆ ಹೇಳುವುದಿಲ್ಲ

ಕಷ್ಟದ ದೋಷ ಇದು. ಕೆಂಪು ಗೆರೆಗೂ ಸಿಗುವುದಿಲ್ಲ. ನನ್ನ ಪ್ರಕಾರ ಇದರ ಮೂಲ ಈ ಕಾಲಕ್ಕೆ ಇಟ್ಟಿರುವ ಹೆಸರಿನಲ್ಲೇ ಇದೆ. ‘ಪ್ರೋಶ್’ ಅಂದರೆ ಹತ್ತಿರ. ಹೆಸರು ಕೇಳಿದವರು ಗಡಿಯಾರ ನೋಡುತ್ತಾರೆ: ಇವತ್ತು, ನಾಳೆ ಆದರೆ ಫ್ಯುತ್ಯುರ್ ಪ್ರೋಶ್. ಮುಂದಿನ ವರ್ಷ ಆದರೆ ಇನ್ನೊಂದು, ಅಂದರೆ ಆಲೇ ಇಲ್ಲದೆ ಕ್ರಿಯಾಪದವೇ ರೂಪ ಬದಲಿಸುವ ಫ್ಯುತ್ಯುರ್ ಸ್ಯಾಂಪ್ಲ್. ಹೀಗೆ ದಿನ ಎಣಿಸಿ ಆರಿಸಿದರೆ ಅರ್ಧಕ್ಕರ್ಧ ಕೆಡುತ್ತದೆ. ನೋಡಬೇಕಾದ್ದು ಎಷ್ಟು ದೂರ ಅನ್ನುವುದನ್ನಲ್ಲ. ಆಗಲಿರುವ ಕೆಲಸದ ಬೇರು ಈಗಲೇ ಕಾಣುತ್ತಿದೆಯಾ ಅನ್ನುವುದನ್ನು. ನಿರ್ಧಾರ ಆಗಿದೆಯಾ? ಲಕ್ಷಣ ಕಣ್ಣಿಗೆ ಬಿದ್ದಿದೆಯಾ? ಹೌದಾದರೆ ಫ್ಯುತ್ಯುರ್ ಪ್ರೋಶ್, ಅದು ಐದು ವರ್ಷ ಆಚೆಯದಾದರೂ ಸರಿ.

ಮಲೆನಾಡಿನವರಿಗೆ ಇದನ್ನು ಅಡಿಕೆ ತೋಟದಲ್ಲಿ ನಿಲ್ಲಿಸಿ ತೋರಿಸಬಹುದು. ಮಳೆಗಾಲ ಹಿಡಿಯುವ ಮೊದಲು ಕೊಳೆ ರೋಗಕ್ಕೆ ಔಷಧಿ ಹೊಡೆಸುತ್ತೇವೆ, ಆಮೇಲೆ 40, 45 ದಿನಕ್ಕೆ ಇನ್ನೊಂದು ಸಲ. ಆ ಔಷಧಿ ಬೋರ್ಡೋ ದ್ರಾವಣ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ‘ಬೋರ್ಡೋ’ ಫ್ರಾನ್ಸ್‌ನ ಬೋರ್ದೋ ಊರಿನ ಹೆಸರು. ಅಲ್ಲಿನ ಪ್ರೊಫೆಸರ್ ಮಿಲ್ಲಾರ್ದೇ ದ್ರಾಕ್ಷಿ ಬಳ್ಳಿಯ ಬೂಜು ರೋಗಕ್ಕೆ ಈ ಮಿಶ್ರಣ ಕೆಲಸ ಮಾಡುತ್ತದೆ ಅಂತ 1885ರಲ್ಲಿ ಪ್ರಕಟಿಸಿದರು. ಫ್ರೆಂಚ್‌ನಲ್ಲಿ ಅದಕ್ಕೆ ‘ಬೂಯಿ ಬೋರ್ದಲೇಜ಼್’ ಅನ್ನುತ್ತಾರೆ. ಅಂದರೆ ಫ್ರೆಂಚ್ ಕಲಿಯುವ ಮೊದಲೇ ನಮ್ಮ ತೋಟದಲ್ಲಿ ಒಂದು ಫ್ರೆಂಚ್ ಹೆಸರು ಓಡಾಡುತ್ತಿತ್ತು.

ಔಷಧಿ ಹೊಡೆಯೋಕೆ ಹೊಳವು ಬೇಕು. ಕೊನೆಗೌಡ ಮರ ಹತ್ತಿದ್ದಾನೆ, ಕೆಳಗೆ ಡ್ರಮ್ಮಿನಲ್ಲಿ ನೀಲಿ ನೀರು ಕಲಸುತ್ತಿದ್ದಾರೆ. ಪಡುವಣದಲ್ಲಿ ಮೋಡ ಕಪ್ಪಾಗಿ ಕಟ್ಟಿದೆ, ಗಾಳಿ ತಣ್ಣಗಾಗಿದೆ. ಆಗ ಯಾರಾದರೂ ‘ಮಳೆ ಬರೋ ಹಾಗಿದೆ, ಇಳಿಯೋ’ ಅಂತ ಕೂಗುತ್ತಾರೆ. ಆ ‘ಬರೋ ಹಾಗಿದೆ’ಗೆ ಫ್ರೆಂಚ್ ‘ಇಲ್ ವಾ ಪ್ಲೊವ್ವಾರ್’. ಕಣ್ಣಿಗೆ ಕಾಣುವ ಮಳೆ. ಅದೇ ರೇಡಿಯೋದಲ್ಲಿ ಓದುವ ಹವಾಮಾನ ವರದಿ, ‘ಭಾನುವಾರ ಮಲೆನಾಡಿನಲ್ಲಿ ಮಳೆಯಾಗಲಿದೆ’ ಥರದ್ದು, ಫ್ಯುತ್ಯುರ್ ಸ್ಯಾಂಪ್ಲ್‌ಗೆ ಹೊಂದುತ್ತದೆ: ‘ಇಲ್ ಪ್ಲೊವ್ರಾ’. ಹೇಳುವವರು ಮೋಡದ ಕೆಳಗೆ ನಿಂತಿಲ್ಲ.

ಕನ್ನಡದಲ್ಲೇ ಇದಕ್ಕೆ ಸುಳಿವು ಸಿಗುತ್ತದೆ. ‘ಮಾಡ್ತೀನಿ’ ಅನ್ನುವ ಒಂದೇ ರೂಪ ನಮಗೆ ದಿನಾ ಮಾಡುವುದಕ್ಕೂ ನಾಳೆ ಮಾಡುವುದಕ್ಕೂ ಸಾಕು, ಹಾಗಾಗಿ ಅದರಿಂದ ಸಹಾಯ ಇಲ್ಲ. ಬದಲಿಗೆ ಬೇರೆ ಮೂರು ಮಾತುಗಳ ಕಡೆ ನೋಡಿ: ‘ಬರೋ ಹಾಗಿದೆ’, ‘ಹೋಗೋದಿದೆ’, ‘ಮಾಡೋಣ ಅಂತಿದ್ದೀನಿ’. ನಿಮ್ಮ ವಾಕ್ಯ ಈ ಮೂರರಲ್ಲಿ ಯಾವುದಕ್ಕಾದರೂ ತಿರುಗಿದರೆ ಧೈರ್ಯವಾಗಿ ‘ಜ ವೇ’ ಹಾಕಿ. ತಿರುಗದಿದ್ದರೆ ಒಂದು ಕ್ಷಣ ನಿಲ್ಲಿ.

ಎರಡು ಕಾಲದ ವ್ಯತ್ಯಾಸ ಚೆನ್ನಾಗಿ ತೋರಿಸುವ ಹಳೆಯ ಉದಾಹರಣೆ ಒಂದಿದೆ, ಪಾಠ ಮಾಡುವವರೆಲ್ಲ ಬಳಸುತ್ತಾರೆ. ‘ಎಲ್ ವಾ ಆವ್ವಾರ್ ಅಂ ಬೇಬೇ’ ಅಂದರೆ ಅವಳು ಬಸುರಿ, ಮಗು ಆಗೋದಿದೆ. ‘ಎಲ್ ಓರಾ ಅಂ ಬೇಬೇ’ ಅಂದರೆ ಮುಂದೆ ಯಾವತ್ತೋ ಅವಳಿಗೆ ಮಗುವಾಗುತ್ತದೆ, ಈಗ ಬಸುರಿ ಅಂತೇನೂ ಇಲ್ಲ. ಒಬ್ಬರ ಮನೆ ವಿಷಯ ಮಾತಾಡುವಾಗ ಈ ವ್ಯತ್ಯಾಸ ಚಿಕ್ಕದಲ್ಲ, ಅಲ್ವಾ?

ಹಾಗಂತ ಎಲ್ಲ ಕಡೆ ಗೋಡೆ ಇಷ್ಟು ಗಟ್ಟಿ ಇರುವುದಿಲ್ಲ. ಮಾತಿನಲ್ಲಿ ಫ್ಯುತ್ಯುರ್ ಪ್ರೋಶ್ ತುಂಬಾ ಜಾಗ ಆಕ್ರಮಿಸಿಕೊಂಡಿದೆ. ಸಂಶಯ ಬಂದು ಬಾಯಿ ಕಟ್ಟಿದರೆ ಅದನ್ನೇ ಬಳಸಿ. ಬರವಣಿಗೆ, ಭರವಸೆ, ದೂರದ ಕನಸು ಇವುಗಳಿಗೆ ಸ್ಯಾಂಪ್ಲ್ ಹೊಂದುತ್ತದೆ.

ಲಕ್ಷಣ: ‘ಬಂದೆ!’ ಅಂದಿದ್ದು ಭೂತಕಾಲ ಆಗಿಬಿಟ್ಟಿದೆ

ಇದು ಅಪ್ಪಟ ಕನ್ನಡದವರ ದೋಷ. ಯಾರಾದರೂ ಹೊರಗಿಂದ ಕರೆದರೆ ಒಳಗಿಂದ ‘ಬಂದೆ ಬಂದೆ!’ ಅನ್ನುತ್ತೇವೆ. ಇನ್ನೂ ಬಂದಿಲ್ಲ, ಚಪ್ಪಲಿ ಕೂಡ ಹಾಕಿಲ್ಲ. ಆದರೂ ಕ್ರಿಯಾಪದ ಭೂತಕಾಲದಲ್ಲಿದೆ. ಅದನ್ನೇ ಫ್ರೆಂಚ್‌ಗೆ ಇಳಿಸಿ ‘ಜ ಸ್ವಿ ವನ್ಯು’ ಅಂದರೆ, ಬಂದು ಆಗಿದೆ ಅಂತ ಅರ್ಥ. ಅತಿಥಿ ಬಾಗಿಲ ಕಡೆ ನೋಡುತ್ತಾರೆ, ಯಾರೂ ಕಾಣುವುದಿಲ್ಲ.

ಇದನ್ನು ತಿದ್ದುವಾಗ ‘ಜ ವೇ ವನೀರ್’ ಅಂತ ಮಾಡಿದರೂ ಸರಿ ಹೋಗುವುದಿಲ್ಲ. ಅದರ ಅರ್ಥ ‘ಬರೋಣ ಅಂತಿದ್ದೀನಿ’. ಅಲ್ಲಿ ಬೇಕಾದ್ದು ಬರೀ ವರ್ತಮಾನಕಾಲ: ‘ಜಾರೀವ್!’ ಕೆಲಸ ಈ ಕ್ಷಣವೇ ಶುರುವಾಗಿದ್ದರೆ ಫ್ರೆಂಚರು ಭವಿಷ್ಯತ್ಕಾಲಕ್ಕೆ ಹೋಗುವುದೇ ಇಲ್ಲ.

‘ಈಗಷ್ಟೇ ಊಟ ಆಯ್ತು’ ಅನ್ನುವುದು ಇದರ ಇನ್ನೊಂದು ತುದಿ. ಅದಕ್ಕೆ ‘ವನೀರ್ ದ’ ಇದೆ: ‘ಜ ವ್ಯಾಂ ದ ಮಾಂಜೇ’. ಆಲೇ ಜೊತೆ ನಡುವೆ ‘ಆ’, ‘ದ’ ಯಾವುದೂ ಬರುವುದಿಲ್ಲ, ವನೀರ್ ಜೊತೆ ‘ದ’ ಕಡ್ಡಾಯ. ‘ದ’ ಮರೆತು ‘ಜ ವ್ಯಾಂ ಮಾಂಜೇ’ ಅಂದರೆ ‘ಊಟಕ್ಕೆ ಬರ್ತೀನಿ’ ಅಂತಾಗುತ್ತದೆ. ಊಟ ಮುಗಿಸಿದವರಿಗೆ ಮತ್ತೆ ಎಲೆ ಹಾಕುತ್ತಾರೆ.

ಚಿಕ್ಕ ಪುಟ್ಟ ದೋಷಗಳು

‘ಸಿ’ ಅಂದರೆ ‘ರೆ’, ಮಳೆ ಬಂದರೆ, ಬಸ್ ಸಿಕ್ಕಿದರೆ. ಆ ಭಾಗದಲ್ಲಿ ಯಾವ ಭವಿಷ್ಯತ್ಕಾಲವನ್ನೂ ಇಡಬೇಡಿ. ‘ಸಿಲ್ ಪ್ಲೊ, ಜ ವೇ ರೆಸ್ತೇ ಆ ಲಾ ಮೇಜ಼ೋಂ’: ಮಳೆ ಬಂದರೆ ಮನೆಯಲ್ಲೇ ಇರುತ್ತೇನೆ. ‘ಕಾಂ’, ಅಂದರೆ ‘ಆಗ’, ‘ಯಾವಾಗ’, ಬಂದಾಗ ಇದಕ್ಕೆ ಉಲ್ಟಾ. ಅಲ್ಲಿ ಭವಿಷ್ಯತ್ಕಾಲ ಬೇಕು, ಅದೂ ಸ್ಯಾಂಪ್ಲ್. ‘ನೀನು ಶಿವಮೊಗ್ಗಕ್ಕೆ ಬಂದಾಗ’ ಅನ್ನೋಕೆ ‘ಕಾಂ ತ್ಯು ವ್ಯಾಂದ್ರಾ ಆ ಶಿವಮೊಗ್ಗ’.

‘ಹತ್ತು ನಿಮಿಷದಲ್ಲಿ ಬಸ್ ಬರುತ್ತೆ’ ಅನ್ನುವಲ್ಲಿ ‘ಆಂ’ ಹಾಕಬೇಡಿ, ‘ದಾಂ’ ಹಾಕಿ: ‘ಲ ಬ್ಯುಸ್ ವಾ ಆರಿವೇ ದಾಂ ದಿ ಮಿನ್ಯುತ್’. ‘ಆಂ’ ಹಾಕಿದರೆ ಕೆಲಸ ಮುಗಿಸೋಕೆ ಎಷ್ಟು ಹೊತ್ತು ಬೇಕು ಅನ್ನುವ ಲೆಕ್ಕ ಆಗುತ್ತದೆ.

ಪ್ರಶ್ನೆ ಕೇಳುವಾಗ ‘ಎಸ್ಕ’ ಮುಂದೆ ಸೇರಿಸಿದರೆ ಸಾಕು. ತಿರುಗಿಸಿ ಕೇಳುವುದಾದರೆ ‘ವಾ’ ಮತ್ತು ‘ಇಲ್’ ನಡುವೆ ಒಂದು ‘ತ್’ ಬರುತ್ತದೆ: ‘ವಾ ತಿಲ್ ಪ್ಲೊವ್ವಾರ್?’

‘ಇಲ್ ವೋಂ’ ಮತ್ತು ‘ಇಲ್ ಸೋಂ’ ಕಿವಿಯಲ್ಲಿ ಕಲೆಯುತ್ತವೆ. ವರ್ತಮಾನದಲ್ಲಿ ‘ಅವರು’ ರೂಪ ಹೀಗೆ ‘ಓಂ’ ಅಂತ ಮುಗಿಯುವುದು ನಾಲ್ಕೇ ಕ್ರಿಯಾಪದಕ್ಕೆ: ಇರು, ಹೊಂದಿರು, ಹೋಗು, ಮಾಡು. ಅಂದರೆ ಸೋಂ, ಓಂ, ವೋಂ, ಫೋಂ. ಒಟ್ಟಿಗೆ ಗಟ್ಟಿಯಾಗಿ ಹೇಳಿಕೊಂಡರೆ ಬೇಗ ಬಿಡಿಸಿಕೊಳ್ಳುತ್ತವೆ.

‘ನಿಂಗೆ ಫೋನ್ ಮಾಡೋಣ ಅಂತಿದ್ದೆ, ಅಷ್ಟರಲ್ಲಿ ನೀನೇ ಮಾಡಿದೆ’ ಅನ್ನೋಕೆ ಇದೇ ರಚನೆಯನ್ನು ಭೂತಕಾಲಕ್ಕೆ ಎಳೆಯಬಹುದು: ‘ಜಾಲೇ ತಾಪ್ಲೇ’. ಆದರೆ ಆಂಪಾರ್ಫೇ ರೂಪದಲ್ಲಿ, ಅಂದರೆ ‘ಮಾಡುತ್ತಿದ್ದೆ’ ಥರದ ಭೂತಕಾಲದಲ್ಲಿ ಮಾತ್ರ. ‘ಜ ಸ್ವಿ ಜ಼ಾಲೇ ತಾಪ್ಲೇ’ ಅಂದರೆ ಎದ್ದು ಹೋಗಿ ನಿನ್ನನ್ನು ಕರೆದೆ ಅಂತಾಗುತ್ತದೆ.

ಒಂದು ಪತ್ರವನ್ನು ಪೂರ್ತಿ ರಿಪೇರಿ ಮಾಡೋಣ

ಡೆಲ್ಫ್‌ನ ಮೊದಲ ಮಟ್ಟವಾದ ಎ1 ಪರೀಕ್ಷೆಯಲ್ಲಿ ಕನಿಷ್ಠ 40 ಪದದ ಸಣ್ಣ ಸಂದೇಶ ಬರೆಯಬೇಕು. ಬರವಣಿಗೆಯ ಭಾಗಕ್ಕೆ ಒಟ್ಟು 25 ಅಂಕ. ಗೆಳತಿಗೆ ನಾಳೆಯ ಕೆಲಸ ತಿಳಿಸು ಅಂದಾಗ ಬರೆದ ಇಂಥ ಸಾಲುಗಳನ್ನು ನೋಡಿ. ಮೇಲಿನ ದೋಷಗಳಲ್ಲಿ ಹಲವು ಒಂದೇ ಕಡೆ ಸೇರಿವೆ.

“ದಮ್ಯಾಂ, ಜ ಸ್ವಿ ಆಲೇ ಆ ತೀರ್ಥಹಳ್ಳಿ. ನೂ ಜ಼ಾಲೋಂ ಸ ಲವೇ ಆ ಸ್ಯಾಂಕೆರ್. ಮೋಂ ಪೇರ್ ವಾ ತ್ರೇತ್ ಲೇ ಜ಼ಾರೇಕ್ಯೇ. ಸಿಲ್ ವಾ ಪ್ಲೊವ್ವಾರ್, ಇಲ್ ನ ಲೇ ವಾ ತ್ರೇತೇ ಪಾ. ಲ ಸ್ವಾರ್, ಜ ತ ವೇ ತೇಲೇಫೋನೇ.”

ಹೇಳಬೇಕೆಂದಿದ್ದು ಇದು: ನಾಳೆ ತೀರ್ಥಹಳ್ಳಿಗೆ ಹೋಗುತ್ತೇನೆ. ಐದು ಗಂಟೆಗೆ ಏಳುತ್ತೇವೆ. ಅಪ್ಪ ಅಡಿಕೆ ಮರಕ್ಕೆ ಔಷಧಿ ಹೊಡೆಸುತ್ತಾರೆ. ಮಳೆ ಬಂದರೆ ಹೊಡೆಸುವುದಿಲ್ಲ. ಸಂಜೆ ನಿನಗೆ ಫೋನ್ ಮಾಡುತ್ತೇನೆ.

ಮೊದಲ ಸಾಲು ‘ನಾಳೆ ಹೋಗಿದ್ದೆ’ ಆಗಿದೆ. ‘ಸ್ವಿ’ ತೆಗೆಯಿರಿ: ‘ದಮ್ಯಾಂ, ಜ ವೇ ಆಲೇ ಆ ತೀರ್ಥಹಳ್ಳಿ’. ‘ದಮ್ಯಾಂ, ಜ ವೇ ಆ ತೀರ್ಥಹಳ್ಳಿ’ ಅಂತ ವರ್ತಮಾನದಲ್ಲೇ ಬಿಟ್ಟರೂ ಸರಿ, ನಾಳೆ ಅನ್ನುವ ಪದವೇ ಕಾಲ ಹೇಳುತ್ತದೆ. ಎರಡನೆಯ ಸಾಲಲ್ಲಿ ‘ಸ’ ಹೋಗಿ ‘ನೂ’ ಬರಬೇಕು: ‘ನೂ ಜ಼ಾಲೋಂ ನೂ ಲವೇ’. ಮೂರನೆಯದರಲ್ಲಿ ‘ತ್ರೇತ್’ ಮೂಲ ರೂಪ ಅಲ್ಲ, ‘ತ್ರೇತೇ’ ಆಗಬೇಕು, ಕೊನೆಯಲ್ಲಿ ‘ಇ, ಆರ್’. ನಾಲ್ಕನೆಯ ಸಾಲಲ್ಲಿ ಮೂರು ಕಡೆ ಕೆಲಸ ಇದೆ. ‘ಸಿ’ ಭಾಗದಿಂದ ಭವಿಷ್ಯತ್ಕಾಲ ತೆಗೆಯಿರಿ, ‘ಪಾ’ವನ್ನು ಬಾಲದಿಂದ ಬಿಡಿಸಿ ‘ವಾ’ ಪಕ್ಕಕ್ಕೆ ತನ್ನಿ, ‘ಲೇ’ಯನ್ನು ತ್ರೇತೇ ಮುಂದೆ ಕೂರಿಸಿ: ‘ಸಿಲ್ ಪ್ಲೊ, ಇಲ್ ನ ವಾ ಪಾ ಲೇ ತ್ರೇತೇ’.

ಕೊನೆಯ ಸಾಲಲ್ಲಿ ‘ತ’ ಜಾಗ ತಪ್ಪಿದೆ: ‘ಜ ವೇ ತ ತೇಲೇಫೋನೇ’. ರಿಪೇರಿ ಇಷ್ಟಕ್ಕೇ ಮುಗಿಯಿತು ಅಂದುಕೊಳ್ಳಬಹುದು. ನಾನಾದರೆ ಇಲ್ಲಿ ಕಾಲವನ್ನೂ ಬದಲಿಸಿ ‘ಜ ತ ತೇಲೇಫೋನ್ರೇ’ ಅಂತ ಬರೆಯುತ್ತೇನೆ. ಮಳೆ ಬರುತ್ತದೋ ಇಲ್ಲವೋ ಗೊತ್ತಿಲ್ಲ, ತೋಟದ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೋ ಅದೂ ಗೊತ್ತಿಲ್ಲ. ಆ ಫೋನು ಗೆಳತಿಗೆ ಕೊಟ್ಟ ಮಾತು. ಅದರ ಗುರುತು ಇನ್ನೂ ಎಲ್ಲೂ ಕಾಣುತ್ತಿಲ್ಲ.